ಖಾಲಿ ಪಿಕಪ್‌ಗೆ ಸಲಾಂ, ಲೋಡ್ ಟೆಂಪೋಗೆ ಹಿಂದಿನ ಗೇಟು

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರ ನಿಮ್ಮ ಪೇಪರಲ್ಲಿ ದುಬಾರಿ ಪಿಕಪ್ ಗಾಡಿಗಳ ಬಗ್ಗೆ ಬಂದ ಬರಹ ಓದಿದೆ. ಇಂಜಿನ್ ಎಷ್ಟು ದೊಡ್ಡದು, ಎಷ್ಟು ಆಳದ ನೀರಿಗೆ ಇಳಿಯತ್ತೆ, ಗುಡ್ಡ ಹೇಗೆ ಹತ್ತತ್ತೆ ಎಲ್ಲಾ ಇತ್ತು, ಆದ್ರೆ ನಮ್ಮ ಮುಂಬಯಿಲಿ ವಾಶಿಯಿಂದ ಸಯನ್ ತನಕ ಟ್ರಾಫಿಕ್ಕಲ್ಲಿ ದಿನಾ ತೆವಳೋ ಮನುಷ್ಯ ಯಾವ ಗುಡ್ಡ ಹತ್ತೋಕೆ ಅದನ್ನ ತಗೊಂಡ ಅನ್ನೋದು ಮಾತ್ರ ಇರ್ಲಿಲ್ಲ.

ನಾನು ತುರ್ಭೆಯ ಎಪಿಎಂಸಿ ಮಾರ್ಕೆಟ್ಟಲ್ಲಿ ಲೆಕ್ಕ ಬರೆಯೋನು, ಬೆಳಗಾದ್ರೆ ಕಣ್ಣೆದುರು ಪಿಕಪ್ಪೇ. ಬೊಲೆರೊ ಪಿಕಪ್, ಅಶೋಕ್ ಲೇಲ್ಯಾಂಡ್ ದೋಸ್ತ್, 2005ರಲ್ಲಿ ಬಂದ ಟಾಟಾ ಏಸ್ ಅಂದ್ರೆ ಎಲ್ಲರ ಬಾಯಲ್ಲಿರೋ ಛೋಟಾ ಹಾಥಿ. ಇವು ಹೊತ್ತಿಗೆ ಸರಿಯಾಗಿ ಹೊರಡದಿದ್ರೆ ಮಾಟುಂಗಾದ ಹೋಟೆಲಲ್ಲಿ ಸಾಂಬಾರಿಗೆ ಈರುಳ್ಳಿ ಇರಲ್ಲ ಮಾರಾಯ್ರೇ. ಆದ್ರೆ ಇವನ್ನ ಓಡಿಸೋ ಹುಡುಗರಿಗೆ ಊರಲ್ಲಿ ಹೆಣ್ಣು ಕೊಡೋಕೆ ಜನ ಹಿಂದೆ ಮುಂದೆ ನೋಡ್ತಾರೆ, "ಟೆಂಪೋ ಡ್ರೈವರಾ" ಅಂತ ಮುಖ ಸಣ್ಣ ಮಾಡ್ತಾರೆ. ಅದೇ ಜನ ಇನ್ನೊಂದು ಸಂಬಂಧ ಬಂದಾಗ "ಹುಡುಗ ಹೈಲಕ್ಸ್ ಇಟ್ಟಿದ್ದಾನಂತೆ" ಅಂತ ಫೋನಲ್ಲಿ ಹತ್ತು ಮನೆಗೆ ಹೇಳ್ತಾರೆ. ಹೈಲಕ್ಸ್ ಅಂದ್ರೆ ಟೊಯೋಟಾದ ದುಬಾರಿ ಪಿಕಪ್ಪು. ಟೆಂಪೋಗೂ ಅದಕ್ಕೂ ಮುಂದೆ ಕ್ಯಾಬಿನ್, ಹಿಂದೆ ತೆರೆದ ತೊಟ್ಟಿ. ಒಂದ್ರಲ್ಲಿ ಮೂಟೆ ಉಂಟು, ಇನ್ನೊಂದ್ರಲ್ಲಿ ಏನೂ ಇಲ್ಲ, ಏನೂ ಇಲ್ಲದ್ದಕ್ಕೇ ಮರ್ಯಾದೆ. ನಮ್ಮ ಮಾರ್ಕೆಟ್ಟಲ್ಲಿ ಕರ್ನಾಟಕದ ಮಾವಿನಹಣ್ಣನ್ನ ದೇವಗಡ (ಹಾಪುಸ್ ಮಾವಿಗೆ ಹೆಸರಾದ ಊರು) ಅಂತ ಬರೆದ ಪೆಟ್ಟಿಗೆಗೆ ಹಾಕಿದ ಕೂಡ್ಲೇ ರೇಟು ಏರತ್ತಲ್ಲ, ಇದೂ ಹಾಗೇ.

ಈ ಗಾಡಿಗಳು ಹುಟ್ಟಿದ್ದೇ ದುಡಿಯೋಕೆ. ಹೈಲಕ್ಸ್ 1968ರಲ್ಲಿ ಜಪಾನಲ್ಲಿ ಬಂದಾಗ ಅದು ಸಾಮಾನು ಹೊರೋ ಗಾಡಿ, ಆಮೇಲೆ ಆಫ್ರಿಕಾದ ಮರುಭೂಮಿ, ಆಸ್ಟ್ರೇಲಿಯಾದ ಹೊಲ ಎಲ್ಲಾ ಕಡೆ ಕೆಸರು ಧೂಳು ತಿಂದೇ ಹೆಸರು ಮಾಡ್ತು. ನಮ್ಮಲ್ಲಿ ಇಸುಜು ವಿ-ಕ್ರಾಸ್ 2016ರಲ್ಲಿ ಬಂತು, ಹೈಲಕ್ಸ್ 2022ರಲ್ಲಿ, ಅದೂ ಶುರುವಿನ ರೇಟೇ 34 ಲಕ್ಷದ ಹತ್ರ. ಅಷ್ಟು ಕೊಟ್ಟ ಮೇಲೆ ಅದ್ರಲ್ಲಿ ಯಾರು ಗೊಬ್ಬರ ಹೇರ್ತಾರೆ ಹೇಳಿ.

ಅಮೆರಿಕದಲ್ಲೂ ಇದೇ ಕಥೆ, ನಮಗಿಂತ ಮೊದ್ಲೇ ನಡೆದದ್ದು. ಅಲ್ಲಿ ಫೋರ್ಡ್ ಎಫ್-ಸೀರೀಸ್ 1977ರಿಂದ ಅತಿ ಹೆಚ್ಚು ಮಾರಾಟ ಆಗೋ ಪಿಕಪ್ಪು. ಯುರೋಪಿನವರು ಅಮೆರಿಕದ ಕೋಳಿಗೆ ಸುಂಕ ಹಾಕಿದ್ರು ಅಂತ ಸಿಟ್ಟಲ್ಲಿ ಅಮೆರಿಕ 1964ರಲ್ಲಿ ಹೊರಗಿಂದ ಬರೋ ಸಣ್ಣ ಟ್ರಕ್‌ಗೆ ನೂರಕ್ಕೆ 25 ಸುಂಕ ಜಡೀತು, ಕೋಳಿ ಜಗಳ ಮುಗಿದ್ರೂ ಆ ಸುಂಕ ಉಳೀತು, ಹೊರಗಿನವರ ಪೈಪೋಟಿ ಕಮ್ಮಿ ಆದ್ಮೇಲೆ ಅಲ್ಲಿನ ಕಂಪನಿಗಳಿಗೆ ಟ್ರಕ್ಕಲ್ಲೇ ಲಾಭ. ರೈತನ ಗಾಡಿಗೆ ಲೆದರ್ ಸೀಟು ಬಂತು, ಈಗ ಎಫ್-150ರ ಮೇಲಿನ ಮಾಡೆಲ್ಲು 70 ಸಾವಿರ ಡಾಲರ್ ದಾಟತ್ತೆ. ಡಲ್ಲಾಸಲ್ಲಿರೋ ನನ್ನ ತಂಗಿ ಮಗ ಹೇಳ್ತಾನೆ, ಅವನ ಆಫೀಸ್ ಪಾರ್ಕಿಂಗಲ್ಲಿ ನಿಲ್ಲೋ ಟ್ರಕ್ಕುಗಳ ಹಿಂದೆ ಒಂದು ಗೀರೂ ಕಾಣಲ್ಲ ಮಾಮ ಅಂತ.

ನಮ್ಮ ನೆರೂಲ್ ಸೊಸೈಟಿಯಲ್ಲೂ ಒಬ್ಬರು ಇಂಥ ಪಿಕಪ್ ತಗೊಂಡಿದ್ದಾರೆ. ಒಳ್ಳೆ ಮನುಷ್ಯ, ಹೋಟೆಲಲ್ಲಿ ಲೋಟ ತೊಳೆದು ಮೇಲೆ ಬಂದವರು, ಅವರ ದುಡ್ಡು ಅವರ ಖುಷಿ, ಅದ್ರಲ್ಲಿ ನಂಗೆ ಹೊಟ್ಟೆಕಿಚ್ಚಿಲ್ಲ (ಸ್ವಲ್ಪ ಇದ್ರೂ ಇರ್ಬಹುದು ಬಿಡಿ). ಆದ್ರೆ ಗಾಡಿಯ ಉದ್ದ 5.3 ಮೀಟರು, ಸಣ್ಣ ಕಾರಿಗೆ ಅಂತ ಗೆರೆ ಎಳೆದ ಜಾಗ ನಾಲ್ಕೂವರೆ ಮೀಟರು, ಉಳಿದ ಎರಡೂವರೆ ಅಡಿ ನಾವು ನಡೆಯೋ ದಾರೀಲಿ. ಬೇರೆ ಯಾರದ್ದಾದ್ರೂ ಸ್ಕೂಟರ್ ಅಷ್ಟು ಹೊರಗೆ ಬಂದ್ರೆ ಕಮಿಟಿಯವರು ನೋಟಿಸ್ ಅಂಟಿಸ್ತಾರೆ, ಇದಕ್ಕೆ ಇಲ್ಲ. ವಾಚ್‌ಮನ್ ಎದ್ದು ನಿಂತು ಗೇಟು ತೆಗೀತಾನೆ, ಅದೇ ವಾಚ್‌ಮನ್ ಗ್ಯಾಸ್ ಸಿಲಿಂಡರ್ ತಂದ ಟೆಂಪೋಗೆ ಕೂತಲ್ಲಿಂದ್ಲೇ "ಪೀಛೇ ಸೇ ಲೇ" ಅಂತಾನೆ. ಇನ್ನೊಂದು ವಿಷ್ಯ, ಆ ಗಾಡಿಯ ಹಿಂದೆ ಇರೋದು ಭಾರ ಹೊರೋಕೆ ಮಾಡಿದ ಲೀಫ್ ಸ್ಪ್ರಿಂಗು, ಖಾಲಿ ಇದ್ರೆ ಹೊಂಡ ಬಂದಾಗ ಹಿಂದೆ ಕೂತವರು ಕುಕ್ಕಿ ಬೀಳ್ತಾರೆ, ಅವರ ಅಮ್ಮ ಒಂದ್ಸಲ ಪನ್ವೇಲ್ ತನಕ ಹೋಗಿ ಬಂದು ಈಗ ರಿಕ್ಷಾನೇ ವಾಸಿ ಅಂತಾರೆ.

ಗಾಡಿ ಮುಗಿದ ಮೇಲೆ ನಂಬರು. ಮಹಾರಾಷ್ಟ್ರ ಸರಕಾರ 2024ರಲ್ಲಿ ಫ್ಯಾನ್ಸಿ ನಂಬರಿನ ರೇಟು ಏರಿಸ್ತಲ್ಲ, ಮುಂಬಯಿ ಪುಣೆಯಲ್ಲಿ 0001ಕ್ಕೆ 6 ಲಕ್ಷ. 2025ರಲ್ಲಿ ಟಾಟಾ ಏಸ್ ಪ್ರೋ ಬಂದಾಗ ಅದರ ಶೋರೂಂ ರೇಟು 3.99 ಲಕ್ಷದಿಂದ ಶುರು ಆಗಿತ್ತು. ಅಂದ್ರೆ ಒಂದು ತಗಡಿನ ನಂಬರ್ ಪ್ಲೇಟಿಗೆ ಕೊಡೋ ದುಡ್ಡಲ್ಲಿ ಒಬ್ಬ ಹುಡುಗ ಹೊಸ ಗಾಡಿ ತಗೊಂಡು ರಿಜಿಸ್ಟ್ರೇಶನ್, ಇನ್ಶೂರೆನ್ಸ್ ಕಟ್ಟಿ ದುಡಿಯೋಕೆ ಶುರು ಮಾಡ್ಬಹುದು, ಮೇಲೆ ಪೆಟ್ರೋಲಿಗೆ ಉಳಿಯತ್ತೆ ಕೂಡ.

ಇಷ್ಟೆಲ್ಲಾ ಬರೆಯೋಕೆ ಕಾರಣ ಒಂದುಂಟು. ಇತ್ತೀಚೆಗೆ ಒಂದು ಕನ್ನಡ ಸಂಘದ ವಾರ್ಷಿಕೋತ್ಸವಕ್ಕೆ ಹೋಗಿದ್ದೆ, ಹೆಸರು ಬೇಡ. ಹಾಲ್‌ನ ಬಾಗಿಲ ಎದುರಿಗೇ ಅತಿಥಿ ಒಬ್ಬರ ದೊಡ್ಡ ಪಿಕಪ್ಪು, ಸಂಘದ ಹುಡುಗರು ಸರದಿ ಮೇಲೆ ಅದಕ್ಕೆ ಒರಗಿ ಫೋಟೋ ತೆಗೀತಿದ್ರು. ಅಡುಗೆ ತಂದ ಟೆಂಪೋ ಬಂತು, ಹಳೆ ಬೊಲೆರೊ, ಒಂದು ಹೆಡ್‌ಲೈಟಿಗೆ ಟೇಪು. ಪದಾಧಿಕಾರಿ ಒಬ್ರು ಓಡಿ ಬಂದು ಇಲ್ಲಿ ನಿಲ್ಲಿಸ್ಬೇಡ, ವಿಡಿಯೋದಲ್ಲಿ ಬರತ್ತೆ ಅಂತ ಅದನ್ನ ರೋಡಿಗೆ ಕಳಿಸಿದ್ರು. ಆಮೇಲೆ ಇಬ್ಬರು ಹುಡುಗರು ಕುದೀತಿರೋ ಸಾಂಬಾರಿನ ಕೊಪ್ಪರಿಗೆಗೆ ಕೋಲು ಸಿಕ್ಕಿಸಿ ಹೆಗಲ ಮೇಲೆ ಹೊತ್ತು ಆ ರೋಡಿಂದ ಕಾರುಗಳ ಸಂದಿಯಲ್ಲಿ ಬಂದ್ರು, ಒಬ್ಬನ ಕಾಲ ಮೇಲೆ ಚೆಲ್ತು. ಬರ್ನಾಲ್ ಹುಡುಕೋಕೆ ಹತ್ತು ನಿಮಿಷ ಹೋಯ್ತು. ಒಳಗೆ ಅಷ್ಟೊತ್ತಿಗೆ ಶ್ರಮಜೀವಿಗಳಾದ ಮುಂಬಯಿ ಕನ್ನಡಿಗರ ಬಗ್ಗೆ ಭಾಷಣ ನಡೀತಿತ್ತು.

ಕರ್ಜತ್ ಕಡೆ ತೋಟ ಇಟ್ಟವರು, ಮಳೆಗಾಲದಲ್ಲಿ ಘಾಟಿ ಹತ್ತೋರು ಈ ಗಾಡಿ ತಗೊಂಡ್ರೆ ಅದಕ್ಕೊಂದು ಅರ್ಥ ಉಂಟು, ಅವರ ಮೇಲೆ ನಂದೇನೂ ತಕರಾರಿಲ್ಲ. ನನ್ನ ಮಾತು ಸಂಘಗಳ ಪದಾಧಿಕಾರಿಗಳಿಗೆ. ಈ ಸೀಸನ್ನಲ್ಲಿ ಇನ್ನೂ ಎಷ್ಟೋ ಕಾರ್ಯಕ್ರಮ, ಯಕ್ಷಗಾನ, ಮದುವೆ ಉಂಟು. ಹಾಲ್‌ನ ಅಡುಗೆಮನೆ ಬಾಗಿಲ ಹತ್ರ ಒಂದು ಗಾಡಿಯ ಜಾಗ ಹಗ್ಗ ಕಟ್ಟಿ ಇಡಿ, "ಅಡುಗೆ ಟೆಂಪೋಗೆ ಮಾತ್ರ" ಅಂತ ಬೋರ್ಡ್ ಹಾಕಿ, ಅಧ್ಯಕ್ಷರ ಗಾಡಿ ಬಂದ್ರೂ ಬಿಡ್ಬೇಡಿ. ಬೋರ್ಡು ಬರೆಯೋ ಖರ್ಚು ಬೇಕಾದ್ರೆ ನಾನೇ ಕೊಡ್ತೀನಿ.

ಒಬ್ಬ ಓದುಗ, ನೆರೂಲ್, ನವಿ ಮುಂಬಯಿ