ಗೆಳೆಯನಿಗೊಂದು ಪತ್ರ: ಟೆನಿಸನ್ ನೋಡದ ರೈಲುಗಾಲಿ

ಪ್ರಿಯ ಗೆಳೆಯಾ,

ಮಗಳ ಪ್ರಬಂಧಕ್ಕೆ ಏನು ಬರೆಯಬಹುದು ಅಂತ ಭಾನುವಾರ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡಲಾಗಲಿಲ್ಲ. ಒಲೆ ಮೇಲೆ ಹಾಲಿಟ್ಟಿದ್ದೆ, ಉಕ್ಕಿಯೂ ಹೋಯಿತು. ನಿನ್ನ ಮಗಳಿಗೆ ಕಾಲೇಜಿನಲ್ಲಿ ಕೊಟ್ಟ ಪ್ರಬಂಧದ ವಿಷಯ ಕೇಳಿ ನಗು ಬಂತು. 'ವಿಕ್ಟೋರಿಯನ್ ಕಾವ್ಯ ತನ್ನ ಯುಗದ ಕನ್ನಡಿ.' ರಾಣಿ ವಿಕ್ಟೋರಿಯಾ ಕಾಲದ ಇಂಗ್ಲಿಷ್ ಕವಿತೆ ಅಂತ ನಮಗೂ ಇದನ್ನೇ ಕೊಟ್ಟಿದ್ದರು, ಅಲ್ವಾ? ಜೆರಾಕ್ಸ್ ನೋಟ್ಸ್ ಉರು ಹೊಡೆದು, ವಿಜ್ಞಾನ, ಸಾಮ್ರಾಜ್ಯ, ನೀತಿ, ಸಂದೇಹ ಅಂತ ನಾಲ್ಕು ತಲೆಬರಹ ಹಾಕಿ, ಒಂದೊಂದಕ್ಕೆ ಒಬ್ಬೊಬ್ಬ ಕವಿಯನ್ನು ಕಟ್ಟಿಹಾಕಿ ಬಂದಿದ್ದೆವು. ಮಾರ್ಕ್ಸೂ ಬಂತು. ಕವಿತೆ ಮಾತ್ರ ಒಂದನ್ನೂ ಪೂರ್ತಿ ಓದಿರಲಿಲ್ಲ.

ಈಗ ಓದುತ್ತಿದ್ದೇನೆ. ಆ ಕನ್ನಡಿಯ ಮಾತೇ ನನಗೆ ಒಗ್ಗುತ್ತಿಲ್ಲ. ಕನ್ನಡಿ ಮುಂದೆ ಯಾರೇ ಆದರೂ ಕೂದಲು ಸರಿ ಮಾಡಿಕೊಂಡು ನಿಲ್ಲುತ್ತಾರೆ. ಈ ಕವಿತೆಗಳಲ್ಲಿ ಆ ಕಾಲ ಹಾಗೆ ನಿಂತಿಲ್ಲ. ಹಗಲೆಲ್ಲ ಎದೆ ಸೆಟೆಸಿ ಓಡಾಡಿದವನು ರಾತ್ರಿ ನಿದ್ದೆ ಬಾರದೆ ಹೊರಳಾಡುತ್ತಾನಲ್ಲ, ಹಾಗಿದೆ.

ಒಂದು ಗಾಲಿಯ ಕಥೆ ಹೇಳುತ್ತೇನೆ, ಕೇಳು. 1830ರಲ್ಲಿ ಲಿವರ್‌ಪೂಲ್‌ನಿಂದ ಮ್ಯಾಂಚೆಸ್ಟರ್‌ಗೆ ರೈಲು ಶುರುವಾಯಿತು. ಮೊದಲ ಸಲವೇ ಹತ್ತಿದವರಲ್ಲಿ ಕವಿ ಟೆನಿಸನ್ ಕೂಡ ಒಬ್ಬ. ಆಗ ಅವನಿಗೆ ಇಪ್ಪತ್ತು ದಾಟಿತ್ತು ಅಷ್ಟೆ. ಕಗ್ಗತ್ತಲು, ಸ್ಟೇಷನ್ನಿನಲ್ಲಿ ಜನವೋ ಜನ, ಗಾಲಿಗಳು ಕಣ್ಣಿಗೆ ಬೀಳಲಿಲ್ಲ. ಅವು ಕಾಲುವೆಯಂಥ ತೋಡಿನಲ್ಲಿ ಉರುಳುತ್ತವೆ ಅಂದುಕೊಂಡ. 1842ರ 'ಲಾಕ್ಸ್‌ಲಿ ಹಾಲ್' ಕವಿತೆಯಲ್ಲಿ ಹಾಗೇ ಬರೆದ: ಬದಲಾವಣೆಯ ಮೊಳಗುವ ತೋಡುಗಳಲ್ಲಿ ಈ ಜಗತ್ತು ಸದಾ ಉರುಳುತ್ತಿರಲಿ ಅಂತ. ರೈಲು ಓಡುವುದು ಕಂಬಿಯ ಮೇಲೆ, ತೋಡಿನಲ್ಲಲ್ಲ. ತಪ್ಪು ಅಂತ ಗೊತ್ತಾದ ಮೇಲೂ ಆ ಸಾಲು ಹಾಗೇ ಉಳಿಯಿತು. ನನಗೆ ಈ ತಪ್ಪೇ ಇಷ್ಟ. ಗಾಲಿ ಹೇಗೆ ಓಡುತ್ತದೆ ಅಂತ ನೋಡದೇ ಅದರ ವೇಗಕ್ಕೆ ಮರುಳಾದ ಜನ ಅವನೊಬ್ಬನೇ ಅಲ್ಲ.

ಮರುವರ್ಷವೇ, 1843ರಲ್ಲಿ, ಕವಯಿತ್ರಿ ಎಲಿಜಬೆತ್ ಬ್ಯಾರೆಟ್ ಇನ್ನೊಂದು ಗಾಲಿ ತೋರಿಸಿದಳು. ಆಗಿನ್ನೂ ಕವಿ ಬ್ರೌನಿಂಗ್‌ನನ್ನು ಮದುವೆಯಾಗಿರಲಿಲ್ಲ. ಕಾಯಿಲೆಯಿಂದ ಕೋಣೆ ಬಿಟ್ಟು ಹೊರಗೆ ಬರುವುದೇ ಅಪರೂಪ. ಗಣಿ, ಕಾರ್ಖಾನೆಗಳಲ್ಲಿ ದುಡಿಯುವ ಮಕ್ಕಳ ಬಗ್ಗೆ ಸರ್ಕಾರ ವಿಚಾರಣೆ ಮಾಡಿಸಿತ್ತು. ಅದರ ವರದಿ ಬರೆದವರಲ್ಲಿ ಒಬ್ಬ ಅವಳ ಪತ್ರಮಿತ್ರ. ಅದನ್ನು ಓದಿ 'ದಿ ಕ್ರೈ ಆಫ್ ದಿ ಚಿಲ್ಡ್ರನ್' ಬರೆದಳು. ಅಲ್ಲಿ ದಿನವಿಡೀ ಕಬ್ಬಿಣದ ಗಾಲಿಗಳು ಗುಂಯ್‌ಗುಡುತ್ತವೆ. ಒಂದು ದಿನ, ಒಂದೇ ಒಂದು ದಿನ ಸುಮ್ಮನಿರಿ ಅಂತ ಮಕ್ಕಳು ಆ ಗಾಲಿಗಳನ್ನೇ ಬೇಡಿಕೊಳ್ಳುತ್ತಾರೆ.

ಅದೇ ಕವಿತೆಯಲ್ಲಿ ಆಲಿಸ್ ಅನ್ನೋ ಪುಟ್ಟ ಹುಡುಗಿ ಸತ್ತಿದ್ದಾಳೆ. ಜೊತೆಯ ಮಕ್ಕಳು ಅವಳಿಗಾಗಿ ತೋಡಿದ ಗುಂಡಿಯೊಳಗೆ ಇಣುಕುತ್ತಾರೆ. ಏನು ಕಂಡಿತು ಗೊತ್ತಾ? ಇಷ್ಟು ಇಕ್ಕಟ್ಟಿನಲ್ಲಿ ಕೆಲಸ ಮಾಡಲು ಜಾಗವೇ ಇಲ್ಲ! ಇನ್ನು 'ಏಳು ಆಲಿಸ್, ಬೆಳಗಾಯಿತು' ಅಂತ ಅವಳನ್ನು ಯಾರೂ ಎಬ್ಬಿಸುವುದಿಲ್ಲ. ಮಕ್ಕಳಿಗೆ ಹೊಟ್ಟೆಕಿಚ್ಚಾಗುತ್ತದೆ ಅನ್ನಬೇಕು. ಮುಂದಿನ ಸಾಲುಗಳಲ್ಲಿ ಕವಿತೆ ಸ್ವಲ್ಪ ಜಾಸ್ತಿಯೇ ಅಳುತ್ತದೆ, ಒಪ್ಪುತ್ತೇನೆ. ಆದರೆ ಈ ಗುಂಡಿಯ ಹತ್ತಿರ ಅದು ಅಳುವುದಿಲ್ಲ. ಅದಕ್ಕೇ ತಡೆಯೋಕಾಗಲ್ಲ.

ಅದೇ ವರ್ಷದ ಕ್ರಿಸ್‌ಮಸ್ ಹೊತ್ತಿಗೆ ಥಾಮಸ್ ಹುಡ್ 'ಪಂಚ್' ಪತ್ರಿಕೆಯಲ್ಲಿ ಅಂಗಿ ಹೊಲಿಯುವ ಕೂಲಿ ಹೆಂಗಸಿನ ಹಾಡು ಬರೆದ. ಹುಡ್ ಅಂದರೆ ನಿನಗೆ ಗೊತ್ತಾಗದಿರಬಹುದು, ಆದರೆ ನಮ್ಮ ಬಿ.ಎಂ.ಶ್ರೀ. ಅವರ 'ಇಂಗ್ಲಿಷ್ ಗೀತಗಳು' ಪುಸ್ತಕದ 'ದುಃಖಸೇತು' ನೆನಪಿರಬೇಕಲ್ಲ? ಅದರ ಮೂಲ ಅವನದೇ, ನದಿಗೆ ಹಾರಿ ಸತ್ತ ದಿಕ್ಕಿಲ್ಲದ ಹೆಣ್ಣಿನ ಮೇಲೆ 1844ರಲ್ಲಿ ಬರೆದದ್ದು. ಲಂಡನ್ನಿನ ಸೇತುವೆಯ ಆ ಸಾವು ನಮ್ಮ ಹೊಸ ಕಾವ್ಯದ ಮೊದಲ ಪಾಠಗಳಲ್ಲೇ ಬಂದು ಸೇರಿತು.

ಈಗ 1851ಕ್ಕೆ ಬಾ. ಮೇ 1ಕ್ಕೆ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ದೊಡ್ಡ ವಸ್ತುಪ್ರದರ್ಶನಕ್ಕೆಂದು ಕಟ್ಟಿದ ಗಾಜಿನ ಅರಮನೆ ಬಾಗಿಲು ತೆರೆಯಿತು. ದೇಶದ ಯಂತ್ರ, ಸಂಪತ್ತು, ಹೆಮ್ಮೆ ಎಲ್ಲ ಒಂದೇ ಸೂರಿನಡಿ. ಐದೂವರೆ ತಿಂಗಳಲ್ಲಿ ಸುಮಾರು 60 ಲಕ್ಷ ಜನ ಬಂದು ನೋಡಿದರು. ಅದೇ ಮೇ ತಿಂಗಳಲ್ಲಿ ಕಲಾವಿಮರ್ಶಕ ಜಾನ್ ರಸ್ಕಿನ್ ತನ್ನ ಸ್ನೇಹಿತನಿಗೊಂದು ಕಾಗದ ಬರೆದ. ಈ ಭೂವಿಜ್ಞಾನಿಗಳು ನನ್ನನ್ನು ನನ್ನ ಪಾಡಿಗೆ ಬಿಟ್ಟರೆ ಸಾಕು, ಬೈಬಲ್ಲಿನ ಒಂದೊಂದು ವಾಕ್ಯ ಮುಗಿಯುವಾಗಲೂ ಅವರ ಸುತ್ತಿಗೆಯ ಟಣ್ ಟಣ್ ಕೇಳಿಸುತ್ತದೆ ಅಂತ. ಬಂಡೆ ಒಡೆದವರಿಗೆ ಭೂಮಿಯ ವಯಸ್ಸು ಬೈಬಲ್ಲಿನ ಲೆಕ್ಕಕ್ಕೆ ಸಿಗುತ್ತಿರಲಿಲ್ಲ. ಜೀವವಿಕಾಸದ ಬಗ್ಗೆ ಡಾರ್ವಿನ್ ಪುಸ್ತಕ ಬರಲು ಇನ್ನೂ ಎಂಟು ವರ್ಷ ಇತ್ತು.

ಅದೇ ವರ್ಷ ಕವಿ ಮ್ಯಾಥ್ಯೂ ಆರ್ನಾಲ್ಡ್‌ಗೆ ಮದುವೆ. ಮದುವೆಗೆ ಸಂಬಳದ ಕೆಲಸ ಬೇಕಿತ್ತು, ಶಾಲೆಗಳ ಇನ್‌ಸ್ಪೆಕ್ಟರ್ ಆದ. ಮುಂದೆ 35 ವರ್ಷ ಊರೂರು ಸುತ್ತಿ ಮಕ್ಕಳ ಪಾಠ ಒಪ್ಪಿಸಿಕೊಂಡ, ಪಾಪ. ಹೊಸ ಹೆಂಡತಿಯ ಜೊತೆ ಕಡಲ ದಂಡೆಯ ಊರು ಡೋವರ್‌ಗೆ ಹೋದಾಗಲೇ 'ಡೋವರ್ ಬೀಚ್' ಹುಟ್ಟಿತು ಅಂತಾರೆ. ಅಚ್ಚಾದದ್ದು 1867ರಲ್ಲಿ. ಇವತ್ತು ರಾತ್ರಿ ಕಡಲು ಶಾಂತವಾಗಿದೆ ಅಂತ ಶುರುವಾಗುತ್ತದೆ, ಕಿಟಕಿಯ ಹತ್ತಿರ ಬಾ, ರಾತ್ರಿಯ ಗಾಳಿ ಚೆನ್ನಾಗಿದೆ ಅನ್ನುತ್ತಾನೆ. ಆಮೇಲೆ ಅಲೆ ಹಿಂದೆ ಸರಿಯುವಾಗ ಬೆಣಚುಕಲ್ಲುಗಳು ಗರಗರ ಅನ್ನುವ ಸದ್ದು. ನಂಬಿಕೆಯ ಕಡಲೂ ಹೀಗೇ ಇಳಿದು ಹೋಗುತ್ತಿದೆ ಅನ್ನುತ್ತಾನೆ. ಮಧುಚಂದ್ರದಲ್ಲಿ ಇಂಥ ಮಾತು! ಕೊನೆಗೆ ಅವನಿಗೆ ಉಳಿಯುವುದು ಒಂದೇ, ನಾವಿಬ್ಬರಾದರೂ ಒಬ್ಬರಿಗೊಬ್ಬರು ನಿಜವಾಗಿರೋಣ ಅನ್ನುವುದು.

ಸಾಮ್ರಾಜ್ಯದ ಕವಿತೆ ಅಂತ ನಾವು ಬರೆದಿದ್ದ ಟೆನಿಸನ್ನನ 'ಲೈಟ್ ಬ್ರಿಗೇಡ್' ಕೂಡ ಅಷ್ಟು ನೆಟ್ಟಗಿಲ್ಲ. 1854ರ ಕ್ರಿಮಿಯಾ ಯುದ್ಧದಲ್ಲಿ ತಪ್ಪು ಆಜ್ಞೆಯಿಂದ ಕುದುರೆ ಪಡೆ ಫಿರಂಗಿಗಳ ಬಾಯಿಗೆ ನುಗ್ಗಿತು. ಆಸ್ಥಾನಕವಿ ಟೆನಿಸನ್ ಪೇಪರ್ ಓದಿ ಹೊಗಳಿಕೆಯ ಪದ್ಯ ಬರೆದ, ಆದರೆ ನಡುವೆ 'ಯಾರೋ ಎಡವಿದ್ದರು' ಅಂತ ಸೇರಿಸಿದ. ಸ್ನೇಹಿತರ ಮಾತು ಕೇಳಿ 1855ರ ಪುಸ್ತಕದಲ್ಲಿ ಆ ಸಾಲು ತೆಗೆದ. ಆಮೇಲೆ ವಾಪಸ್ ಹಾಕಿದ. ನಿನ್ನ ಮಗಳು ಬೇರೆ ಏನು ಬಿಟ್ಟರೂ ಪರವಾಗಿಲ್ಲ, ಇದೊಂದನ್ನು ಬರೆಯಲಿ. ಆ ಕಾಲದ ಮನಸ್ಸು ಆ ಸಾಲಿಗಿಂತ ಜಾಸ್ತಿ ಅದನ್ನು ತೆಗೆದು ಮತ್ತೆ ಹಾಕಿದ್ದರಲ್ಲಿ ಕಾಣುತ್ತದೆ.

ನಾನು ಮತ್ತೆ ಓದಲು ಶುರು ಮಾಡಿದ್ದು ಮಾತ್ರ ಇದ್ಯಾವುದರಿಂದಲೂ ಅಲ್ಲ. ನಮ್ಮ ಮೂವರಲ್ಲಿ ಒಬ್ಬ ಹೋದನಲ್ಲ, ಆಮೇಲೆ. ಟೆನಿಸನ್ನನ ಗೆಳೆಯ ಆರ್ಥರ್ ಹ್ಯಾಲಮ್ 1833ರಲ್ಲಿ ವಿಯೆನ್ನಾದಲ್ಲಿ ಇದ್ದಕ್ಕಿದ್ದಂತೆ ತೀರಿಕೊಂಡ. 22 ವರ್ಷ. ಟೆನಿಸನ್ನನ ತಂಗಿಯ ಜೊತೆ ಮದುವೆ ಗೊತ್ತಾಗಿದ್ದ ಹುಡುಗ. ಮುಂದಿನ 17 ವರ್ಷ ಚೂರುಚೂರಾಗಿ ಬರೆದದ್ದೇ 'ಇನ್ ಮೆಮೋರಿಯಮ್', 1850ರಲ್ಲಿ ಹೆಸರು ಹಾಕದೆ ಹೊರಬಂತು. ಒಬ್ಬ ಹುಡುಗ ಸತ್ತ ದುಃಖ ಬೆಳೆದೂ ಬೆಳೆದೂ ಬಂಡೆಯೊಳಗಿನ ಪಳೆಯುಳಿಕೆಗಳವರೆಗೆ ಹೋಗುತ್ತದೆ. ಕಡಿದ ಬಂಡೆಯಿಂದ ಪ್ರಕೃತಿ ಕೂಗಿ ಹೇಳುತ್ತಾಳೆ: ಸಾವಿರ ಜಾತಿಗಳು ಅಳಿದವು, ನನಗೇನೂ ಇಲ್ಲ, ಎಲ್ಲವೂ ಹೋಗುತ್ತದೆ. ದೇವರು ಇದ್ದಾನೋ ಇಲ್ಲವೋ ಅನ್ನೋದು ಅವನಿಗೆ ಚರ್ಚೆಯ ವಿಷಯ ಆಗಿರಲಿಲ್ಲ. ಹ್ಯಾಲಮ್ ಎಲ್ಲಾದರೂ ಇದ್ದಾನಾ ಅಂತ ತಿಳಿಯಬೇಕಿತ್ತು, ಅಷ್ಟೆ. ಗಂಡ ಸತ್ತ ಮೇಲೆ ರಾಣಿ ವಿಕ್ಟೋರಿಯಾಗೆ ಬೈಬಲ್ ಬಿಟ್ಟರೆ ಸಮಾಧಾನ ಸಿಕ್ಕಿದ್ದು ಇದೇ ಪುಸ್ತಕದಲ್ಲಂತೆ.

ಅದರ ಏಳನೇ ಪದ್ಯ ಓದು. ಬರೀ ಹನ್ನೆರಡು ಸಾಲು. ನಿದ್ದೆ ಬಾರದೆ ನಸುಕಿನಲ್ಲೇ ಎದ್ದು ಗೆಳೆಯನ ಮನೆ ಬಾಗಿಲ ಮುಂದೆ ಬಂದು ನಿಂತಿದ್ದಾನೆ, ಕಳ್ಳನ ಹಾಗೆ. ಮೊದಲು ಇದೇ ಬಾಗಿಲಲ್ಲಿ ಒಂದು ಕೈಗಾಗಿ ಕಾಯುವಾಗ ಎದೆ ಬಡಿದುಕೊಳ್ಳುತ್ತಿತ್ತು. ಜಿನುಗು ಮಳೆ, ಬೋಳು ಬೀದಿ, ದೂರದಲ್ಲಿ ಊರಿನ ಸದ್ದು ಶುರುವಾಗುತ್ತದೆ. ಅಷ್ಟೇ. ಹೋದ ತಿಂಗಳು ಮೈಸೂರಿಗೆ ಹೋದಾಗ ನಾನೂ ನಮ್ಮ ಆ ಗೆಳೆಯನ ಮನೆ ಬೀದಿಗೆ ಹೋಗಿದ್ದೆ. ಬೆಲ್ ಒತ್ತಲಿಲ್ಲ. ಗೇಟಿಗೆ ಬೇರೆ ಬಣ್ಣ ಹೊಡೆದಿದ್ದಾರೆ.

ಅಂದಹಾಗೆ, ನಿನ್ನ ಪುಸ್ತಕ ಇನ್ನೂ ನನ್ನ ಹತ್ತಿರವೇ ಇದೆ. ಆ ಏಳನೇ ಪದ್ಯದ ಪಕ್ಕ ನೀನು ಪೆನ್ಸಿಲಿನಲ್ಲಿ 'ಅಳುಬುರುಕ' ಅಂತ ಬರೆದಿದ್ದೀಯ. ಅದರ ಕೆಳಗೆ ಅವನ ಕೈಬರಹದಲ್ಲಿ 'ನೀನೇ' ಅಂತಿದೆ. ದೀಪಾವಳಿಗೆ ಬರುವಾಗ ತರುತ್ತೇನೆ.

ನಿನ್ನ,
ಹಳೇ ರೂಮ್‌ಮೇಟ್