ಚಾರ್ಟರ್ ವಿಮಾನಕ್ಕಿಂತ ಮೊದಲು ಹುಬ್ಬಳ್ಳಿಗೆ ಬೇಕಾದದ್ದು

ಮಾನ್ಯ ಸಂಪಾದಕರೇ,

ಹುಬ್ಬಳ್ಳಿ ವಿಮಾನ ನಿಲ್ದಾಣದಿಂದ ಸರಕು ಚಾರ್ಟರ್ ವಿಮಾನಗಳು, ಅಂದರೆ ಇಡಿಯಾಗಿ ಬಾಡಿಗೆಗೆ ಹಿಡಿದ ಸರಕು ವಿಮಾನಗಳು, ಹಾರಬೇಕು ಎಂಬ ಮಾತು ಈಚೆಗೆ ನಮ್ಮ ಭಾಗದ ಉದ್ಯಮಿಗಳ ನಡುವೆ ಮತ್ತೆ ಮತ್ತೆ ಕೇಳಿಬರುತ್ತಿದೆ. ಧಾರವಾಡದ ಆಪೂಸು, ಹಾವೇರಿಯ ಏಲಕ್ಕಿ ಹಾರ, ಗೋಕುಲ ರಸ್ತೆಯ ವಾಲ್ವ್‌ಗಳು ಇಲ್ಲಿಂದಲೇ ನೇರವಾಗಿ ಹೊರದೇಶಕ್ಕೆ ಹೋಗಬೇಕೆಂಬ ಆಸೆ ನನ್ನದೂ ಹೌದು. ಆದರೆ ಕೈಗಾರಿಕಾ ವಾಲ್ವ್‌ಗಳನ್ನು ತಯಾರಿಸಿ ಕೊಲ್ಲಿ ದೇಶಗಳಿಗೆ ಕಳುಹಿಸುವ ಸಣ್ಣ ಕಾರ್ಖಾನೆಯೊಂದನ್ನು ಹಲವು ವರ್ಷಗಳಿಂದ ನಡೆಸುತ್ತಿರುವ ನನಗೆ, ನಾವು ಕೇಳಬೇಕಾದದ್ದನ್ನು ಬಿಟ್ಟು ಬೇರೆಯದನ್ನು ಕೇಳುತ್ತಿದ್ದೇವೆ ಎನಿಸುತ್ತದೆ. ವೇಳಾಪಟ್ಟಿಯಂತೆ ಹಾರುವ ವಿಮಾನದಲ್ಲಿ ಜಾಗ ಪಡೆಯಬೇಕೋ, ಇಡೀ ವಿಮಾನವನ್ನೇ ಬಾಡಿಗೆಗೆ ಹಿಡಿಯಬೇಕೋ ಎಂಬುದನ್ನು ಸರಕಿನ ತೂಕ, ಪೆಟ್ಟಿಗೆಯ ಅಳತೆ ಮತ್ತು ತಡವಾದರೆ ಆಗುವ ನಷ್ಟ ನೋಡಿ ತೀರ್ಮಾನಿಸಬೇಕು. ಹಾಗೆ ಲೆಕ್ಕ ಹಾಕಿದರೆ ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಬಹುಪಾಲು ಸರಕಿಗೆ ಚಾರ್ಟರ್ ಹೊಂದುವುದಿಲ್ಲ.

ನನ್ನದೇ ಅನುಭವ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಕೊಲ್ಲಿಯ ತೈಲ ಶುದ್ಧೀಕರಣ ಘಟಕವೊಂದು ದುರಸ್ತಿಗಾಗಿ ಕೆಲಸ ನಿಲ್ಲಿಸುವ ದಿನ ಹತ್ತಿರ ಬಂದಿತ್ತು. ಎರಕದ ಕೆಲಸ ತಡವಾದ್ದರಿಂದ ಮೂರು ಟನ್ನಿಗೂ ಮಿಕ್ಕಿದ ವಾಲ್ವ್‌ಗಳು ನಮ್ಮ ಅಂಗಳದಲ್ಲೇ ಉಳಿದಿದ್ದವು. ಹಡಗಿನಲ್ಲಿ ಕಳುಹಿಸುವ ಕಾಲ ಮೀರಿತ್ತು. ನಾವು ವಿಚಾರಿಸಿದ ಏಜೆಂಟರೊಬ್ಬರು ಚಾರ್ಟರ್ ಬಿಟ್ಟು ಬೇರೆ ದಾರಿಯೇ ಇಲ್ಲವೆಂದರು. ನಮ್ಮ ಮೂರು ಟನ್ನಿಗೆ ಅವರು ಸೂಚಿಸಿದ್ದು ಇಪ್ಪತ್ತು ಟನ್‌ಗೂ ಹೆಚ್ಚು ಹೊರುವ ವಿಮಾನ, ಅದರ ಬಾಡಿಗೆ ಸರಕಿನ ಬೆಲೆಯನ್ನೇ ಮೀರಿಸಿತ್ತು. ಒಪ್ಪಿಗೆ ಕೊಡುವ ಮುನ್ನ ನಾನು ಗ್ರಾಹಕರ ಎಂಜಿನಿಯರಿಗೆ ಫೋನ್ ಮಾಡಿ, ಇಷ್ಟರಲ್ಲಿ ಮೊದಲ ವಾರವೇ ಕೂರಿಸಬೇಕಾದ ವಾಲ್ವ್‌ಗಳು ಯಾವುವು ಎಂದು ಕೇಳಿದೆ. ಅವರು ಆರನ್ನು ಹೆಸರಿಸಿದರು; ಒಟ್ಟು ತೂಕ 400 ಕಿಲೋ ಸಹ ಆಗಲಿಲ್ಲ. ಅವು ಬೆಂಗಳೂರಿನಿಂದ ಪ್ರಯಾಣಿಕ ವಿಮಾನದಲ್ಲೇ ಹೋದವು, ಉಳಿದವು ಮುಂದಿನ ಹತ್ತು ದಿನಗಳಲ್ಲಿ ಎರಡು ಕಂತುಗಳಲ್ಲಿ ತಲುಪಿದವು. ಆ ಒಂದು ಪ್ರಶ್ನೆಯನ್ನು ಏಜೆಂಟರು ಕೇಳಿರಲಿಲ್ಲ, ಕೇಳಬೇಕೆಂದು ನನಗೂ ಮೊದಲೇ ತೋಚಿರಲಿಲ್ಲ.

ಅಲ್ಲಿಯೂ ಒಂದು ದಿನ ಹಾಳಾಯಿತು. ವಾಲ್ವನ್ನು ಅದರ ಹ್ಯಾಂಡ್‌ವೀಲ್ (ಕೈಯಿಂದ ತಿರುಗಿಸುವ ಚಕ್ರ) ಸಹಿತ ನಿಲ್ಲಿಸಿ ಪ್ಯಾಕ್ ಮಾಡಿದ್ದ ಒಂದು ಪೆಟ್ಟಿಗೆಯ ಎತ್ತರ 168 ಸೆಂಟಿಮೀಟರ್ ಇತ್ತು. ದೊಡ್ಡ ಪ್ರಯಾಣಿಕ ವಿಮಾನಗಳ ಕೆಳಗಿನ ಸರಕು ಕೋಣೆಗೆ ಹೋಗಬಹುದಾದ ಎತ್ತರ ಸುಮಾರು 160 ಸೆಂಟಿಮೀಟರ್ ಮಾತ್ರ. ಏರ್‌ಬಸ್ 320, ಬೋಯಿಂಗ್ 737ರಂಥ ಸಣ್ಣ ವಿಮಾನಗಳಲ್ಲಿ ಅದಕ್ಕಿಂತ ಬಹಳ ಕಡಿಮೆ, ಸರಕನ್ನು ಬಹುಮಟ್ಟಿಗೆ ಕೈಯಿಂದಲೇ ಎತ್ತಿ ಜೋಡಿಸಬೇಕು. ನಮ್ಮ ಪೆಟ್ಟಿಗೆ ದೇವನಹಳ್ಳಿಯಲ್ಲಿ ನಿಂತಿತು. ಬಡಗಿಯನ್ನು ಹುಡುಕಿ, ವಾಲ್ವನ್ನು ಮಲಗಿಸಿ, ಹೊಸ ಪೆಟ್ಟಿಗೆ ಹೊಡೆಸುವಷ್ಟರಲ್ಲಿ ಆ ರಾತ್ರಿಯ ವಿಮಾನ ಹೋಗಿತ್ತು. ಎಂಟು ಸೆಂಟಿಮೀಟರಿನ ಮಾತನ್ನು ಹುಬ್ಬಳ್ಳಿಯಲ್ಲೇ ಯಾರಾದರೂ ಹೇಳಿದ್ದರೆ ಸಾಕಿತ್ತು ಎಂಬ ಬೇಸರ ನನಗೆ ಇಂದಿಗೂ ಇದೆ.

ವೇಳಾಪಟ್ಟಿಯ ವಿಮಾನದಲ್ಲಿ ನಾವು ಕಿಲೋ ಲೆಕ್ಕದಲ್ಲಿ ಹಣ ಕೊಡುತ್ತೇವೆ. 45, 100, 300, 500 ಕಿಲೋ ಹೀಗೆ ಹಂತ ಏರಿದಂತೆ ಕಿಲೋವೊಂದರ ದರ ಇಳಿಯುತ್ತದೆ. ಇಂಧನ ಮತ್ತು ಭದ್ರತೆಯ ಅಧಿಕ ಶುಲ್ಕ ಬೇರೆ ಸೇರುತ್ತದೆ. ನಮ್ಮವರು ಹೆಚ್ಚಾಗಿ ಎಡವುವುದು ಗಾತ್ರದ ತೂಕದಲ್ಲಿ. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 6,000ದಿಂದ ಭಾಗಿಸಿದರೆ ಬರುವ ಸಂಖ್ಯೆ ನಿಜವಾದ ತೂಕಕ್ಕಿಂತ ಹೆಚ್ಚಾಗಿದ್ದರೆ, ಹಣ ಕೊಡಬೇಕಾದದ್ದು ಆ ಹೆಚ್ಚಿನ ಸಂಖ್ಯೆಗೆ. ಏಲಕ್ಕಿ ಹಾರಗಳನ್ನು ಒತ್ತದಂತೆ ಜೋಡಿಸಿದ 60, 50, 40 ಸೆಂಟಿಮೀಟರ್ ಅಳತೆಯ ಡಬ್ಬ ತಕ್ಕಡಿಯಲ್ಲಿ ಆರು ಕಿಲೋ ತೂಗಿದರೂ ವಿಮಾನದ ಲೆಕ್ಕದಲ್ಲಿ ಅದು 20 ಕಿಲೋ. ನಮ್ಮ ಉಕ್ಕಿನ ವಾಲ್ವ್‌ಗಳಿಗೆ ಈ ತೊಂದರೆಯಿಲ್ಲ, ಹಗುರ ಸರಕಿನವರು ಮಾತ್ರ ಡಬ್ಬದ ಅಳತೆಯನ್ನು ಮೊದಲೇ ಕುಗ್ಗಿಸಿಕೊಳ್ಳಬೇಕು.

ಚಾರ್ಟರಿನಲ್ಲಿ ಕಿಲೋ ಲೆಕ್ಕವೇ ಇಲ್ಲ. ತುಂಬಿದರೂ ಅರ್ಧ ಖಾಲಿ ಹೋದರೂ ಇಡೀ ವಿಮಾನದ ಬಾಡಿಗೆ ನಮ್ಮದು. ಆ ವಿಮಾನ ಬೇರೆ ಊರಿನಲ್ಲಿ ನಿಂತಿದ್ದರೆ ಅಲ್ಲಿಂದ ಖಾಲಿ ಬರುವ ಖರ್ಚು, ಮರಳುವಾಗ ಅದಕ್ಕೆ ಸರಕು ಸಿಗದಿದ್ದರೆ ಅನೇಕ ಸಲ ಆ ಖರ್ಚು, ಇಳಿಯುವ ಮತ್ತು ನಿಲ್ಲುವ ಶುಲ್ಕ, ನೆಲದ ಮೇಲಿನ ನಿರ್ವಹಣೆ, ಪರವಾನಗಿಗಳು ಎಲ್ಲವೂ ಆ ಬಾಡಿಗೆಯ ಒಳಗೇ ಇರುತ್ತವೆ. ಸಾಮಾನ್ಯವಾಗಿ ಹಣವನ್ನು ಮುಂಗಡವಾಗಿಯೇ ಕಟ್ಟಬೇಕು, ಹಾರುವ ದಿನ ಹತ್ತಿರ ಬಂದಾಗ ರದ್ದು ಮಾಡಿದರೆ ಬಹುಪಾಲು ಮರಳಿ ಬರುವುದಿಲ್ಲ. ಪ್ರಯಾಣಿಕ ವಿಮಾನದಿಂದ ಪರಿವರ್ತಿಸಿದ ಬೋಯಿಂಗ್ 737-800 ಸರಕು ವಿಮಾನ ಸುಮಾರು 23 ಟನ್, ಏರ್‌ಬಸ್ 321 ಸುಮಾರು 27 ಟನ್, ಬೋಯಿಂಗ್ 777 ಸುಮಾರು 100 ಟನ್ ಹೊರುತ್ತವೆ. ಇವುಗಳಲ್ಲಿ ಅತಿ ಚಿಕ್ಕದನ್ನು ತುಂಬಿಸಬೇಕಾದರೂ ಎರಡು ದೊಡ್ಡ ಲಾರಿಗಳಷ್ಟು ಸರಕು ಒಂದೇ ದಿನ, ಒಂದೇ ಊರಿಗೆ, ಕಾಗದಪತ್ರ ಸಮೇತ ಸಿದ್ಧವಿರಬೇಕು.

ಹುಬ್ಬಳ್ಳಿಯ ಓಡುದಾರಿಯನ್ನು ಸುಮಾರು 2,600 ಮೀಟರಿಗೆ ವಿಸ್ತರಿಸಿದ್ದರಿಂದ ಏರ್‌ಬಸ್ 320 ವರ್ಗದ ವಿಮಾನಗಳಿಗೆ ಅಡ್ಡಿಯಿಲ್ಲ. ಆದರೆ ಪೂರ್ತಿ ತುಂಬಿದ ದೊಡ್ಡ ಸರಕು ವಿಮಾನ ಬಹು ದೂರದ ದೇಶಕ್ಕೆ ಇಲ್ಲಿಂದ ಏರುವುದನ್ನು ನಿರೀಕ್ಷಿಸಲಾಗದು. ಇದರ ಜೊತೆಗೆ ನಿಯಮದ ಮಾತೂ ಇದೆ. 2020ರಲ್ಲಿ ಕೇಂದ್ರ ಸರ್ಕಾರ, ವಿದೇಶಿ ಸರಕು ವಿಮಾನಗಳ ಓಡಾಟವನ್ನು ಸಡಿಲಗೊಳಿಸಿದ್ದ ಮುಕ್ತ ಆಕಾಶ ನೀತಿಯನ್ನು ತಿದ್ದಿ, ವೇಳಾಪಟ್ಟಿಯಿಲ್ಲದ ವಿದೇಶಿ ಸರಕು ವಿಮಾನಗಳ ಓಡಾಟವನ್ನು ಬೆಂಗಳೂರು, ಚೆನ್ನೈ, ದೆಹಲಿ, ಹೈದರಾಬಾದ್, ಕೋಲ್ಕತ್ತ, ಮುಂಬೈ ಎಂಬ ಆರು ನಿಲ್ದಾಣಗಳಿಗೆ ಸೀಮಿತಗೊಳಿಸಿತು. ಚಾರ್ಟರ್ ಬೇಡಿಕೆ ಮುಂದಿಡುವವರು ಈ ತಿದ್ದುಪಡಿಯ ಬಗ್ಗೆ ತಮ್ಮ ನಿಲುವೇನೆಂಬುದನ್ನೂ ಹೇಳಬೇಕಲ್ಲವೇ?

ಇನ್ನು ನಮ್ಮ ಬೆಳೆಗಳು. 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಮೆಣಸಿನಕಾಯಿ ಒಣಗಿದ ಸರಕು, ಶೈತ್ಯಾಗಾರದಲ್ಲಿ ಕಾಯಬಲ್ಲದು, ಕಂಟೇನರಿನಲ್ಲಿ ಹಡಗು ಹತ್ತುವುದೇ ಅದಕ್ಕೆ ಸರಿಯಾದ ದಾರಿ. ರಾಣೆಬೆನ್ನೂರು ಭಾಗದ ಹೈಬ್ರಿಡ್ ತರಕಾರಿ ಬೀಜದ ಕಥೆ ಬೇರೆ. ತೂಕ ಕಡಿಮೆ, ಬೆಲೆ ಹೆಚ್ಚು, ಬಿತ್ತನೆಯ ಹೊತ್ತು ತಪ್ಪುವಂತಿಲ್ಲ. ವೇಳಾಪಟ್ಟಿಯ ವಿಮಾನಕ್ಕೆ ಇದಕ್ಕಿಂತ ಹೊಂದುವ ಸರಕು ನಮ್ಮಲ್ಲಿ ಇನ್ನೊಂದಿಲ್ಲ. ಆಪೂಸಿಗೆ ಚಾರ್ಟರ್ ಬೇಕೆಂಬ ವಾದವನ್ನು ನಾನು ಗಂಭೀರವಾಗಿಯೇ ಯೋಚಿಸಿದ್ದೇನೆ. ಆದರೆ ಮಾವು ಒಂದೇ ದಿನ ಇಪ್ಪತ್ತು ಟನ್ ಮಾಗುವುದಿಲ್ಲ. ಅನೇಕ ರೈತರ ತೋಟಗಳಿಂದ ದಿನಕ್ಕಿಷ್ಟು ಎಂದು ಬರುತ್ತದೆ, ಅಮೆರಿಕಕ್ಕಾದರೆ ವಿಕಿರಣ ಸಂಸ್ಕರಣೆ, ಯುರೋಪಿಗಾದರೆ ಬಿಸಿನೀರಿನ ಸಂಸ್ಕರಣೆ ಮೊದಲು ಮುಗಿಯಬೇಕು. ವಿಮಾನ ತುಂಬಲಿ ಎಂದು ಹಣ್ಣನ್ನು ತಡೆದಿಟ್ಟರೆ ನಷ್ಟವಾಗುವುದು ಹಣ್ಣಿಗೇ. ದಿನವೂ ಒಂದು ಟನ್ ಖಚಿತವಾಗಿ ಹೋಗುವ ಜಾಗ ಸಿಕ್ಕರೆ ತೋಟದವರಿಗೆ ಹೆಚ್ಚು ಉಪಯೋಗ.

ಚಾರ್ಟರ್ ಎಂದಿಗೂ ಬೇಡವೆಂದು ನಾನು ಹೇಳುತ್ತಿಲ್ಲ. ಯಾವ ವೇಳಾಪಟ್ಟಿಯ ವಿಮಾನದ ಬಾಗಿಲಿನಲ್ಲೂ ಹಿಡಿಯದ ಯಂತ್ರ, ಒಂದು ದಿನ ನಿಂತರೆ ಬಾಡಿಗೆಯನ್ನೂ ಮೀರಿ ನಷ್ಟ ತರುವ ಕಾರ್ಖಾನೆಯ ಬಿಡಿಭಾಗ, ನೆರೆ ಅಥವಾ ಭೂಕಂಪದ ಪರಿಹಾರ ಸಾಮಗ್ರಿ ಇವುಗಳಿಗೆ ಅದೇ ಸರಿ. 2020ರಲ್ಲಿ ಪ್ರಯಾಣಿಕ ವಿಮಾನಗಳು ನಿಂತಾಗ, ಅವುಗಳ ಕೆಳಗಿನ ಕೋಣೆಗಳನ್ನೇ ನಂಬಿದ್ದ ಲೋಕದ ವಿಮಾನ ಸರಕಿನ ಸುಮಾರು ಅರ್ಧಕ್ಕೆ ಜಾಗವಿಲ್ಲದಂತಾಗಿ, ಔಷಧ ಕಳುಹಿಸುವವರಿಗೆ ಚಾರ್ಟರ್ ಅನಿವಾರ್ಯವಾಗಿತ್ತು. ಇನ್ನೂ ಒಂದು ಸಂಗತಿ: ಸಾಧನದೊಳಗೆ ಕೂರಿಸದ ಲಿಥಿಯಂ ಅಯಾನ್ ಬ್ಯಾಟರಿಗಳನ್ನು 2016ರ ಏಪ್ರಿಲ್‌ನಿಂದ ಪ್ರಯಾಣಿಕ ವಿಮಾನದಲ್ಲಿ ಸರಕಾಗಿ ಒಯ್ಯುವಂತಿಲ್ಲ, ಅವಕ್ಕೆ ಸರಕು ವಿಮಾನವೇ ಬೇಕು, ಆದರೆ ವೇಳಾಪಟ್ಟಿಯಂತೆ ಹಾರುವ ಸರಕು ವಿಮಾನಗಳೂ ಇರುವುದರಿಂದ ಅಲ್ಲಿಯೂ ಚಾರ್ಟರ್ ಮೊದಲ ಆಯ್ಕೆಯಲ್ಲ.

ಹಾಗಾದರೆ ಕೇಳಬೇಕಾದದ್ದೇನು? ಹೊರದೇಶಗಳಲ್ಲಿ ವಿಮಾನ ಸಂಸ್ಥೆಗಳು ತಮ್ಮದೇ ವಿಮಾನ ಸಂಖ್ಯೆ ಹಾಕಿ, ಏರ್‌ವೇ ಬಿಲ್ಲಿನ (ವಿಮಾನ ಸರಕಿನ ಸಾಗಣೆ ಪತ್ರ) ಅಡಿಯಲ್ಲೇ, ಲಾರಿಗಳನ್ನು ನಿಗದಿತ ಹೊತ್ತಿಗೆ ಓಡಿಸುವ ಪದ್ಧತಿ ಬಹಳ ಕಾಲದಿಂದ ಇದೆ. ಹುಬ್ಬಳ್ಳಿಯಿಂದ ಸಂಜೆ ಹೊರಟು ಹಾವೇರಿ, ರಾಣೆಬೆನ್ನೂರುಗಳಲ್ಲಿ ಸರಕು ಹತ್ತಿಸಿಕೊಂಡು, ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಬೆಳಗಾಗುವುದರೊಳಗೆ ದೇವನಹಳ್ಳಿ ಸೇರುವ ಇಂಥ ಲಾರಿ ನಮಗೂ ಬೇಕು. ಸುಂಕದ ತಪಾಸಣೆ, ಭದ್ರತಾ ತಪಾಸಣೆ ಇಲ್ಲಿಯೇ ಮುಗಿದು ಅಲ್ಲಿ ಮತ್ತೆ ಬಿಚ್ಚದಂತಿರಬೇಕು. ಗದಗಿನವರು ಒಂದು ಗಂಟೆಯ ದಾರಿ ಬಂದು ಇಲ್ಲಿ ಸರಕು ಒಪ್ಪಿಸಿದರೆ ಅವರ ಜವಾಬ್ದಾರಿ ತೀರುವಂತಾಗಬೇಕು. ಎರಡನೆಯದಾಗಿ, ನಮ್ಮ ವಾಣಿಜ್ಯ ಸಂಘಟನೆಗಳು ಸಣ್ಣ ಕಾರ್ಖಾನೆಗಳ ಪರವಾಗಿ ವಾರಕ್ಕಿಷ್ಟು ಟನ್ ಎಂದು ವಿಮಾನ ಸಂಸ್ಥೆಯೊಂದಿಗೆ ಜಾಗ ಕಾದಿರಿಸುವ ಒಪ್ಪಂದ ಮಾಡಿಕೊಳ್ಳಬೇಕು. ಒಬ್ಬನೇ 200 ಕಿಲೋ ಹಿಡಿದು ಹೋದಾಗ ಸಿಗದ ದರ ಹತ್ತು ಮಂದಿ ಸೇರಿದಾಗ ಸಿಗುತ್ತದೆ.

ವಿಮೆಯ ಮಾತನ್ನೂ ಹೇಳಿಬಿಡುತ್ತೇನೆ. ಅಂತರರಾಷ್ಟ್ರೀಯ ವಿಮಾನ ಸಾಗಣೆಯ ಮಾಂಟ್ರಿಯಲ್ ಒಪ್ಪಂದದ ಪ್ರಕಾರ, ಮೌಲ್ಯವನ್ನು ಪ್ರತ್ಯೇಕವಾಗಿ ಘೋಷಿಸದಿದ್ದರೆ, ಸರಕು ಕಳೆದರೂ ಕೆಟ್ಟರೂ ವಿಮಾನ ಸಂಸ್ಥೆಯ ಹೊಣೆ ಕಿಲೋವೊಂದಕ್ಕೆ 26 ಎಸ್‌ಡಿಆರ್‌ಗೆ (ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಘಟಕ), ಅಂದರೆ ಸುಮಾರು 3,000 ರೂಪಾಯಿಯ ಆಸುಪಾಸಿಗೆ ನಿಲ್ಲುತ್ತದೆ. ಬೀಜದ ವ್ಯಾಪಾರಿಗಳು ಇದನ್ನು ತಿಳಿದು ಬೇರೆ ವಿಮೆ ಮಾಡಿಸಿಕೊಳ್ಳಬೇಕು.

ಕೊನೆಯದು ತೀರ ಸಣ್ಣ ಬೇಡಿಕೆ. ಯಾವ ವಿಮಾನದ ಬಾಗಿಲಿಗೆ ಎಷ್ಟು ಎತ್ತರ, ಎಷ್ಟು ಅಗಲ, ಒಂದು ಪೆಟ್ಟಿಗೆಗೆ ಎಷ್ಟು ತೂಕ ಎಂಬ ಪಟ್ಟಿಯನ್ನು ಕನ್ನಡದಲ್ಲಿ ಬರೆಸಿ, ಗೋಕುಲ ರಸ್ತೆ, ತಾರಿಹಾಳ ಮತ್ತು ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶಗಳಲ್ಲಿ ಪೆಟ್ಟಿಗೆ ಹೊಡೆಯುವ ಬಡಗಿಗಳ ಅಂಗಡಿಗಳಿಗೆ ಹಂಚುವ ಕೆಲಸವನ್ನು ಸಂಬಂಧಪಟ್ಟವರು ಈ ವರ್ಷವೇ ಕೈಗೊಳ್ಳಬೇಕೆಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ. ಅದನ್ನು ಅಚ್ಚು ಹಾಕಿಸುವ ಖರ್ಚಿನಲ್ಲಿ ನನ್ನ ಪಾಲು ಕೊಡಲು ಸಿದ್ಧನಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ವಾಲ್ವ್ ತಯಾರಕ
ಗೋಕುಲ ರಸ್ತೆ, ಹುಬ್ಬಳ್ಳಿ