ಮಾದಾವರದ ಮೇಳಕ್ಕೆ ಹೋಗೋದಾ, ಬೇಡ್ವಾ: ಸಹನಾಗೆ ದೊಡ್ಡಪ್ಪನ ಕಾಗದ

ಪ್ರೀತಿಯ ಸಹನಾ,

ನಿನ್ನ ಮೆಸೇಜ್ ನೋಡಿದೆ. ತುಮಕೂರು ರಸ್ತೆಯ ಮಾದಾವರದಲ್ಲಿ ನಡೆಯುವ ಮರಗೆಲಸದ ಮೆಷಿನ್ ಮೇಳ ಇಂಡಿಯಾವುಡ್‌ಗೆ ಹೋಗಬೇಕಾ ಬೇಡವಾ ಅಂತ ಕೇಳಿದ್ದೀಯ. ನಿನ್ನಪ್ಪ "ಸುಮ್ನೆ ದುಡ್ಡು ದಂಡ" ಅಂತಾನೆ, ಮೆಷಿನ್ ಡೀಲರ್ "ಬರಲೇಬೇಕು ಮೇಡಂ" ಅಂತಾನೆ, ಮಧ್ಯದಲ್ಲಿ ನೀನು. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತೆ, ಅದಕ್ಕೇ ಬರೆಯುತ್ತಿದ್ದೇನೆ.

ಒಂದು ಪ್ರಶ್ನೆ ಇಟ್ಟುಕೊಂಡು ಹೋಗೋದಾದರೆ ಹೋಗು. ಹೊಸದೇನು ಬಂದಿದೆ ನೋಡೋಣ ಅಂತಷ್ಟೇ ಆದರೆ ದಾವಣಗೆರೆಯಲ್ಲೇ ಇರು, ಆ ಎರಡು ದಿನದಲ್ಲಿ ಬಾಕಿ ಇರುವ ಫಿಟ್ಟಿಂಗ್ ಕೆಲಸವಾದರೂ ಮುಂದೆ ಹೋಗುತ್ತೆ. ನಿನ್ನ ಹತ್ತಿರ ಪ್ರಶ್ನೆ ಇದೆ ಅಂತ ನನಗೆ ಗೊತ್ತು. ಸಿಂಕ್ ಕೆಳಗಿನ ಕಪಾಟಿನ ಶಟರ್‌ಗಳಲ್ಲಿ ಎಡ್ಜ್ ಬ್ಯಾಂಡ್ (ಬೋರ್ಡಿನ ಅಂಚಿಗೆ ಅಂಟಿಸುವ ಪಟ್ಟಿ) ಏಳುತ್ತಿದೆ, ಹುಡುಗರು ಕೈಯಲ್ಲಿ ಅಂಟಿಸಿ ಟ್ರಿಮ್ಮರ್ ಹೊಡೆಯುವುದರಲ್ಲೇ ದಿನ ಹೋಗುತ್ತೆ, ಎಡ್ಜ್ ಬ್ಯಾಂಡಿಂಗ್ ಮೆಷಿನ್ ತಗೋಬೇಕಾ ಅಂತ ಯುಗಾದಿಗೆ ಬಂದಾಗ ನೀನೇ ಕೇಳಿದ್ದೆಯಲ್ಲ? ಆ ಒಂದು ಪ್ರಶ್ನೆ ಸಾಕು. ಅದರ ಜೊತೆ ಇನ್ನು ನಾಲ್ಕು ಸೇರಿಸಿಕೊಂಡರೆ ಯಾವುದಕ್ಕೂ ಉತ್ತರ ಸಿಗಲ್ಲ.

ಈ ಮೇಳ ಸಮ ವರ್ಷಗಳಲ್ಲಿ ಬೆಂಗಳೂರಿನಲ್ಲಿ, ಬೆಸ ವರ್ಷಗಳಲ್ಲಿ ಡೆಲ್ಲಿವುಡ್ ಅನ್ನೋ ಹೆಸರಲ್ಲಿ ಗ್ರೇಟರ್ ನೋಯ್ಡಾದಲ್ಲಿ ನಡೆಯುತ್ತೆ. ಈ ಸಲ ತಪ್ಪಿಸಿಕೊಂಡರೆ ಮನೆ ಹತ್ತಿರಕ್ಕೆ ಬರೋದು ಮತ್ತೆ ಎರಡು ವರ್ಷಕ್ಕೆ. ಆ ಲೆಕ್ಕ ತೋರಿಸಿಯೇ ಡೀಲರ್ ನಿನ್ನನ್ನು ಹೆದರಿಸುತ್ತಿದ್ದಾನೆ, ಅದಕ್ಕೆ ಕಿವಿಗೊಡಬೇಡ. ಮೆಷಿನ್ ವರ್ಷವೆಲ್ಲಾ ಸಿಗುತ್ತೆ. ಇಟಲಿಯ ಮೆಷಿನ್ ಕಂಪನಿ ಬೀಸ್ಸೆಯವರ ಕಾರ್ಖಾನೆಯೇ ನೆಲಮಂಗಲದ ಹತ್ತಿರ ಇದೆ, ಉಳಿದ ದೊಡ್ಡ ಕಂಪನಿಗಳಿಗೂ ಬೆಂಗಳೂರಿನಲ್ಲಿ ಆಫೀಸೋ ಡೀಲರೋ ಇದ್ದೇ ಇರುತ್ತಾರೆ. ಶೋರೂಮಿಗೆ ಹೋದರೆ ಒಬ್ಬರದ್ದೇ ಮೆಷಿನ್, ಒಬ್ಬರದ್ದೇ ಮಾತು. ಮೇಳದಲ್ಲಿ ಜರ್ಮನಿಯದು, ಇಟಲಿಯದು, ಚೀನಾದ್ದು, ನಮ್ಮ ದೇಶದ್ದು ಎಲ್ಲ ಕರೆಂಟ್ ಕೊಟ್ಟು ಓಡಿಸುತ್ತಿರುತ್ತಾರೆ, ಒಂದು ನೋಡಿ ಹತ್ತು ನಿಮಿಷಕ್ಕೆ ಇನ್ನೊಂದರ ಮುಂದೆ ನಿಲ್ಲಬಹುದು. ಹೋಗೋದಕ್ಕೆ ಇದೊಂದೇ ಕಾರಣ ಅಂತ ನನ್ನ ಎಣಿಕೆ.

ಅಲ್ಲಿ ಓಡಿಸಿ ತೋರಿಸೋದು ಅವರದೇ ಬೋರ್ಡು. ಮರದ ನಾರು ಒತ್ತಿ ಮಾಡಿದ ನುಣ್ಣನೆಯ ಎಂಡಿಎಫ್, ಅದಕ್ಕೆ ಹೇಳಿ ಮಾಡಿಸಿದಂತಹ ಎಡ್ಜ್. ಯಾವ ಮೆಷಿನ್‌ನಲ್ಲಿ ಹಾಕಿದರೂ ಚೆನ್ನಾಗೇ ಬರುತ್ತೆ. ನೀನು ಕೆಲಸ ಮಾಡೋದು ಪ್ಲೈವುಡ್‌ನಲ್ಲಿ, ಅದರ ಒಳಗೆ ಅಲ್ಲಲ್ಲಿ ಗ್ಯಾಪ್ ಇರುತ್ತೆ, 18 ಎಂಎಂ ಅಂತ ಬಂದದ್ದು ಒಂದು ಕಡೆ 18 ಇದ್ದರೆ ಇನ್ನೊಂದು ಕಡೆ 17ರ ಹತ್ತಿರ ಇರುತ್ತೆ, ಅಲ್ವಾ? ಅದಕ್ಕೇ ನಿನ್ನ ವರ್ಕ್‌ಶಾಪಿನ ಪ್ಲೈನಲ್ಲೇ ಎರಡೂ ಮೈಗೆ ಲ್ಯಾಮಿನೇಟ್ ಹಾಕಿ, ನಿನ್ನ ಪ್ಯಾನಲ್ ಸಾದಲ್ಲೇ (ಬೋರ್ಡ್ ಕುಯ್ಯುವ ಗರಗಸದ ಮೆಷಿನ್) ಕುಯ್ದು, ಒಂದು ಅಡಿಗೆ ಅರ್ಧ ಅಡಿಯ ತುಂಡುಗಳನ್ನು ಬ್ಯಾಗಿನಲ್ಲಿ ತಗೊಂಡು ಹೋಗು. ಜೊತೆಗೆ ನೀನು ಬಳಸುವ 0.8 ಎಂಎಂ ಮತ್ತು 2 ಎಂಎಂ ಎಡ್ಜ್ ಬ್ಯಾಂಡ್ ರೋಲಿನಿಂದ ಒಂದಿಷ್ಟು ಕತ್ತರಿಸಿಕೋ. ಹೋಗುವ ಒಂದು ವಾರ ಮುಂಚೆಯೇ ಮೆಷಿನ್ ಕಂಪನಿಗಳಿಗೆ ಫೋನ್ ಮಾಡಿ "ನನ್ನ ಪೀಸ್ ಹಾಕಿ ತೋರಿಸ್ತೀರಾ" ಅಂತ ಕೇಳು. ಹ್ಞೂಂ ಅಂದವರ ಸ್ಟಾಲಿಗೆ ಮೊದಲು ಹೋಗು. ಕುಂಟು ನೆಪ ಹೇಳಿದವರನ್ನು ಬಿಡು, ಅವರ ಕಾಫಿಯನ್ನೂ ಬಿಡು.

ಎಡ್ಜ್ ಏಳುವುದಕ್ಕೆ ಅಂಟು ಅರ್ಧ ಕಾರಣ, ಕುಯ್ದ ಅಂಚು ಇನ್ನರ್ಧ. ಸಾದಲ್ಲಿ ಸ್ಕೋರಿಂಗ್ ಬ್ಲೇಡ್ (ದೊಡ್ಡ ಬ್ಲೇಡಿಗೆ ಮುಂಚೆ ಗೀರು ಹಾಕುವ ಸಣ್ಣ ಬ್ಲೇಡ್) ಸರಿಯಾಗಿ ಕೂತಿಲ್ಲ ಅಂದರೆ ಅಂಚು ಚಿಪ್ ಆಗಿರುತ್ತೆ, ಅದರ ಮೇಲೆ ಯಾವ ಅಂಟು ಹಾಕಿದರೂ ಸಂದಿಯಲ್ಲಿ ನೀರು ಇಳಿಯುತ್ತೆ. ಅದಕ್ಕೆ ಪ್ರೀ-ಮಿಲ್ಲಿಂಗ್ ಇರುವ ಮೆಷಿನ್ ನೋಡು. ಅಂಟು ಹಚ್ಚುವ ಮೊದಲು ಆ ಮೆಷಿನ್ನೇ ಎರಡು ಕಟರ್‌ನಿಂದ ಅಂಚನ್ನು ಸ್ವಲ್ಪ ಹೆರೆದು ನೇರ ಮಾಡಿಕೊಳ್ಳುತ್ತೆ. ಎಷ್ಟು ಹೆರೆಯುತ್ತೆ ಅಂತ ಕೇಳಿ ಬರೆದುಕೋ, ನಿನ್ನ ಕಟಿಂಗ್ ಲಿಸ್ಟಿನಲ್ಲಿ ಅಷ್ಟು ಜಾಸ್ತಿ ಹಿಡಿಯಬೇಕಾಗುತ್ತೆ. ಇನ್ನು ಅಂಟು. ಸಾಮಾನ್ಯವಾಗಿ ಎಲ್ಲರೂ ಬಳಸೋದು ಇವಿಎ ಅನ್ನೋ ಕಾಯಿಸಿ ಕರಗಿಸುವ ಅಂಟು, ಅಗ್ಗ, ಸುಲಭ, ಮೆಷಿನ್ನಿನ ಅಂಟಿನ ಪಾಟ್‌ನಲ್ಲಿ ಉಳಿದರೆ ನಾಳೆ ಮತ್ತೆ ಕರಗುತ್ತೆ, ಆದರೆ ನೀರು ಮತ್ತು ಬಿಸಿ ಎರಡಕ್ಕೂ ಅಷ್ಟಕ್ಕಷ್ಟೇ. ಇನ್ನೊಂದು ಅಂಟು ಪಿಯುಆರ್, ಅದು ಗಾಳಿಯ ಮತ್ತು ಬೋರ್ಡಿನ ತೇವ ಹೀರಿ ಗಟ್ಟಿಯಾಗುತ್ತೆ, ಒಮ್ಮೆ ಕೂತರೆ ಮತ್ತೆ ಕರಗಲ್ಲ. ಸಿಂಕ್ ಕೆಳಗಿನ ನಿನ್ನ ಕಷ್ಟಕ್ಕೆ ಮದ್ದು ಅದೇ. ಆದರೆ ಪಾಟ್‌ನಲ್ಲಿ ಬಿಟ್ಟರೆ ಅಲ್ಲೂ ಗಟ್ಟಿಯಾಗುತ್ತೆ, ದಿನಾ ತೊಳೆಯಬೇಕು, ಬೆಲೆಯೂ ಜಾಸ್ತಿ. ನಿನಗೆ ದಿನಕ್ಕೆ ಎಷ್ಟು ಮೀಟರ್ ಎಡ್ಜಿಂಗ್ ಇದೆ ಅಂತ ಈ ವಾರವೇ ಲೆಕ್ಕ ಹಾಕಿಟ್ಟುಕೋ. ಆ ಅಂಕಿ ಇಲ್ಲದೆ ಹೋದರೆ ಸೇಲ್ಸ್ ಹುಡುಗ ಅವನ ಅಂಕಿಯನ್ನೇ ನಿನ್ನ ಬಾಯಲ್ಲಿ ಹೇಳಿಸುತ್ತಾನೆ.

ಅಲ್ಲಿ ಅಂಟಿಸಿಕೊಂಡು ಬಂದ ತುಂಡುಗಳ ಹಿಂದೆ ಮಾರ್ಕರ್‌ನಲ್ಲಿ ಕಂಪನಿ, ಮಾಡೆಲ್, ಅಂಟಿನ ಹೆಸರು ಬರೆದಿಡು. ಊರಿಗೆ ಬಂದ ಮೇಲೆ ರಾತ್ರಿಯಿಡೀ ಬಕೆಟ್ ನೀರಿನಲ್ಲಿ ಮುಳುಗಿಸು, ಬೆಳಿಗ್ಗೆ ತೆಗೆದು ತಾರಸಿ ಮೇಲೆ ಬಿಸಿಲಿಗೆ ಹಾಕು, ನಾಲ್ಕು ಸಲ ಹೀಗೆ ಮಾಡಿ ಉಗುರಿನಲ್ಲಿ ಎಬ್ಬಿಸಿ ನೋಡು. ಬ್ರೋಷರ್‌ನಲ್ಲಿ ಬರೆಯದ ಸಂಗತಿ ಅದರಲ್ಲಿ ಕಾಣಿಸುತ್ತೆ.

"ಮೇಳದ ಆಫರ್, ಇವತ್ತೇ ಬುಕ್ ಮಾಡಿದರೆ ಮಾತ್ರ" ಅಂತ ಖಂಡಿತ ಹೇಳುತ್ತಾರೆ. ಟೋಕನ್ ಅಂತ ಒಂದು ರೂಪಾಯಿಯನ್ನೂ ಅಲ್ಲಿ ಕೊಡಬೇಡ. ಅದೇ ರೇಟನ್ನು ಇನ್ನು 15 ದಿನ ಇಡುತ್ತೀರಾ ಅಂತ ಕೇಳಿ, ಕೊಟೇಶನ್ ಮೇಲೆಯೇ ಬರೆಸಿಕೋ. ಜಿಎಸ್‌ಟಿ, ಸಾಗಾಣಿಕೆ, ಕೂರಿಸುವ ಖರ್ಚು, ಹುಡುಗರಿಗೆ ಕಲಿಸುವುದು, ಎಲ್ಲ ಅದರೊಳಗೇ ಇರಬೇಕು. ನೀವು ಇನ್ನೂ ಜಿಎಸ್‌ಟಿಯ ಕಾಂಪೋಸಿಷನ್ ಸ್ಕೀಮಿನಲ್ಲೇ (ಸಣ್ಣ ವ್ಯಾಪಾರಿಗಳ ಸರಳ ತೆರಿಗೆ) ಇದ್ದರೆ ಮೆಷಿನ್ ಮೇಲೆ ಕಟ್ಟಿದ ಜಿಎಸ್‌ಟಿ ವಾಪಸ್ ಹಿಡಿಯೋಕೆ ಬರಲ್ಲ, ಅಷ್ಟೂ ನಿಮ್ಮ ಕೈಯಿಂದಲೇ. ಮೇಳಕ್ಕೆ ಹೋಗುವ ಮೊದಲೇ ಆಡಿಟರ್ ಹತ್ತಿರ ಕೇಳಿಕೋ. ಮುದ್ರಾ ಸಾಲಕ್ಕೂ ಬ್ಯಾಂಕಿನವರು ಕೊಟೇಶನ್ ಕೇಳುತ್ತಾರೆ, 10 ಲಕ್ಷದವರೆಗೆ ಸಿಗುತ್ತೆ, ಮುದ್ರಾದಲ್ಲೇ ಹಳೇ ತರುಣ್ ವರ್ಗದ ಸಾಲ ಸರಿಯಾಗಿ ತೀರಿಸಿದವರಿಗೆ 20 ಲಕ್ಷದವರೆಗೆ. ಕರೆಂಟಿನ ಲೆಕ್ಕ ಮರೀಬೇಡ. ಮೆಷಿನ್, ಕಂಪ್ರೆಸರ್, ಡಸ್ಟ್ ಕಲೆಕ್ಟರ್ ಮೂರೂ ಒಟ್ಟಿಗೆ ಓಡಿದರೆ ನಿಮ್ಮ ತ್ರೀ ಫೇಸ್ ಲೋಡ್ ಸಾಲುತ್ತಾ, ಬೆಸ್ಕಾಂನಲ್ಲಿ ಹೆಚ್ಚಿಸಬೇಕಾ?

ಸರ್ವಿಸ್ ವಿಷಯ ಕೇಳಿದರೆ ಎಲ್ಲರೂ "24 ಗಂಟೆಯಲ್ಲಿ ಬರ್ತೀವಿ ಮೇಡಂ" ಅಂತಾರೆ. ನಂಬೋದು ಬಿಡೋದು ಆಮೇಲೆ. ಅದೇ ಮಾಡೆಲ್ ತಗೊಂಡು ಎರಡು ವರ್ಷ ಆದ ಗಿರಾಕಿಗಳ ನಂಬರ್ ಕೇಳು, ಬೆಂಗಳೂರಿನವರದಲ್ಲ, ತುಮಕೂರು, ಚಿತ್ರದುರ್ಗ, ಹುಬ್ಬಳ್ಳಿ ಕಡೆಯವರದು. ಮೇಳ ಮುಗಿದ ವಾರ ಅವರಲ್ಲಿ ಒಬ್ಬರ ವರ್ಕ್‌ಶಾಪಿಗೆ ಹೋಗಿ ನೋಡು. ಅವರೇನೂ ಮುಚ್ಚಿಡಲ್ಲ, ನಮ್ಮ ಕಸುಬಿನವರಿಗೆ ಮೆಷಿನ್ ಬೈಯೋದೆಂದರೆ ಖುಷಿ.

ಯಾವುದು ಬಿಡಬೇಕು ಅಂತಲೂ ಹೇಳುತ್ತೇನೆ. ಹಿಂಜ್, ಚಾನಲ್, ಹ್ಯಾಂಡಲ್ ಸ್ಟಾಲುಗಳು ಬಹಳ ಚೆಂದ, ಬಹಳ ಜನ, ಆದರೆ ಅದೆಲ್ಲ ನಿಮ್ಮೂರಿನ ಡೀಲರ್ ಹತ್ತಿರವೇ ಬರುತ್ತೆ. ಕಂಪ್ಯೂಟರ್ ನಡೆಸುವ ಫೈವ್ ಆಕ್ಸಿಸ್ ಸಿಎನ್‌ಸಿ ಮೆಷಿನ್ ಮರ ಕೆತ್ತೋದನ್ನು ಹತ್ತು ನಿಮಿಷ ನೋಡು, ಕಣ್ಣಿಗೆ ಹಬ್ಬ, ಆಮೇಲೆ ನಡೆ. ಮರದ ಕಡೆ ಮಾತ್ರ ಒಂದು ಗಂಟೆ ಎತ್ತಿಡು. ಕೆನಡಾದವರು ಹೆಮ್ಲಾಕ್, ಡಗ್ಲಸ್ ಫರ್ ಇಟ್ಟಿರುತ್ತಾರೆ, ಅಮೆರಿಕದ ಓಕ್, ಆಶ್ ಕೂಡ ನೋಡೋಕೆ ಸಿಗುತ್ತೆ. ನಿನ್ನಪ್ಪನಿಗೆ ತೇಗ, ಮತ್ತಿ, ಹೊನ್ನೆ ಬಿಟ್ಟರೆ ಉಳಿದದ್ದೆಲ್ಲ ಸೌದೆ, ನನಗೆ ಗೊತ್ತು. ಆದರೆ ಅರಣ್ಯ ಇಲಾಖೆಯ ಡಿಪೋ ಹರಾಜಿನಲ್ಲಿ ತೇಗದ ರೇಟು ನೋಡಿದವರು ಇನ್ನೊಂದು ಮರ ಮುಟ್ಟಿ ನೋಡೋದರಲ್ಲಿ ತಪ್ಪಿಲ್ಲ. ಬಾಗಿಲ ಚೌಕಟ್ಟಿಗೆ ಯಾವುದು ಆಗುತ್ತೆ, ತೇವ ಎಷ್ಟಕ್ಕೆ ಒಣಗಿಸಿ ಕೊಡುತ್ತಾರೆ ಅಂತ ಕೇಳಿ ಬಾ.

ಡೀಲರ್ ಜರ್ಮನಿಗೆ ಗ್ರೂಪ್ ಟೂರ್ ಅಂತಲೂ ಹೇಳಿದನಂತೆ, ಹ್ಯಾನೋವರ್‌ನ ಲಿಗ್ನಾಕ್ಕೆ. ಅದು ಬೆಸ ವರ್ಷಗಳಲ್ಲಿ ನಡೆಯುವ ಭಾರೀ ಮೇಳ, ಮರದ ಕೆಲಸದವರಿಗೆ ಕಾಶಿ ಅಂತಲೇ ಹೇಳಬಹುದು. ಆದರೆ ನಿನ್ನ ಪ್ರಶ್ನೆಗೆ ಉತ್ತರ ತುಮಕೂರು ರಸ್ತೆಯಲ್ಲೇ ಸಿಗುವಾಗ ಹ್ಯಾನೋವರ್ ಯಾಕೆ? ಯುರೋಪ್ ನೋಡಬೇಕು ಅನ್ನಿಸಿದರೆ ಯುರೋಪ್ ನೋಡೋಕೆ ಅಂತಲೇ ಹೋಗು, ವರ್ಕ್‌ಶಾಪ್ ಖರ್ಚಿಗೆ ಬರೆಯಬೇಡ.

ಜೊತೆಗೆ ಮೇಸ್ತ್ರಿಯನ್ನು ಕರ್ಕೊಂಡು ಹೋಗು, ನಿನ್ನ ತಮ್ಮನನ್ನಲ್ಲ. ತಮ್ಮ ರೀಲ್ಸ್ ಮಾಡುತ್ತಾನೆ. ಮೇಸ್ತ್ರಿ ಮೆಷಿನ್ ಬಾಗಿಲು ತೆಗೆಸಿ ಕಟರ್ ಬದಲಿಸೋಕೆ ಕೈ ಎಲ್ಲಿ ಹೋಗುತ್ತೆ ಅಂತ ನೋಡುತ್ತಾನೆ. ನಾಳೆ ಅದನ್ನು ಓಡಿಸೋದೂ ಅವನೇ, ಅವನಿಗೆ ಇಷ್ಟವಾಗದ ಮೆಷಿನ್ ಮೇಲೆ ಆರು ತಿಂಗಳಲ್ಲಿ ಪ್ಲೈ ತುಂಡು ಜೋಡಿಸಿಟ್ಟಿರುತ್ತಾರೆ. ಮೊದಲ ದಿನ ಬೇಡ, ಕೆಲವು ಮೆಷಿನ್ ಇನ್ನೂ ಸೆಟ್ ಆಗಿರಲ್ಲ. ಕೊನೇ ದಿನವೂ ಬೇಡ, ಮಧ್ಯಾಹ್ನದಿಂದಲೇ ಗಂಟುಮೂಟೆ ಕಟ್ಟುತ್ತಾರೆ. 2024ರಲ್ಲಿ ಫೆಬ್ರವರಿ 22ರಿಂದ 26ರವರೆಗೆ ಐದು ದಿನ ನಡೆಯಿತು, ನಡುವೆ ಬಂದ ಶನಿವಾರ, ಭಾನುವಾರ ಜನವೋ ಜನ ಅಂತ ಹೋದವರು ಹೇಳಿದರು. ವಾರದ ದಿನ ಬೆಳಿಗ್ಗೆ ಹೋದರೆ ಇಂಜಿನಿಯರ್ ಜೊತೆ ಮಾತಾಡೋಕೆ ಸಿಗುತ್ತೆ. ದಾವಣಗೆರೆ ಬಸ್ಸಿಗೆ ಊರೊಳಗೆ ಹೋಗುವ ಮೊದಲೇ ಮಾದಾವರ ಸಿಗುತ್ತೆ, ಮೆಜೆಸ್ಟಿಕ್‌ವರೆಗೆ ಹೋಗಬೇಡ. ರಾತ್ರಿ ಯಶವಂತಪುರದ ಕಡೆ ಉಳಿದರೆ ಹಸಿರು ಮೆಟ್ರೋ ನೇರವಾಗಿ ಮಾದಾವರಕ್ಕೇ ಬರುತ್ತೆ, 2024ರ ನವೆಂಬರ್‌ನಿಂದ ಓಡುತ್ತಿದೆ. ಗೇಟಿನಲ್ಲಿ ಕ್ಯೂ ನಿಲ್ಲೋದು ತಪ್ಪಬೇಕಾದರೆ ಮೊದಲೇ ಆನ್‌ಲೈನ್‌ನಲ್ಲಿ ಹೆಸರು ಬರೆಸು, ವರ್ಕ್‌ಶಾಪಿನ ಕಾರ್ಡು ಜೇಬಿನಲ್ಲಿರಲಿ.

ನಿನ್ನಪ್ಪನ ಹತ್ತಿರ ನಾನು ಭಾನುವಾರ ಮಾತಾಡುತ್ತೇನೆ. ನೀನು ಅಷ್ಟರೊಳಗೆ ದಿನದ ಮೀಟರ್ ಲೆಕ್ಕ ನನಗೆ ಕಳಿಸು. ಅದು ತೀರಾ ಕಡಿಮೆ ಬಂದರೆ ಮೆಷಿನ್ನೂ ಬೇಡ, ಮೇಳವೂ ಬೇಡ, ಪಕ್ಕದ ಯಾರಾದರೂ ಅವರ ಮೆಷಿನ್‌ನಲ್ಲಿ ಕೂಲಿಗೆ ಜಾಬ್ ವರ್ಕ್ ಮಾಡಿಕೊಡುತ್ತಾರಾ ಅಂತ ವಿಚಾರಿಸೋಣ.

ನಿನ್ನ ದೊಡ್ಡಪ್ಪ